ಬೀಗದ ಒಳಗೆ ಹಲ್ಲುನೋವು ಬಂದರೆ ಏನು ಮಾಡಬೇಕು?

ಹುಡುಗ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ರಾತ್ರಿ ನಿದ್ದೆ ಮಾಡುತ್ತಿಲ್ಲ. ಮೂರನೇ ದಿನ ಪಕ್ಕದವನ ಮೇಲೆ ಕೈ ಮಾಡಿದ. ಪುಸ್ತಕದಲ್ಲಿ ‘ವರ್ತನೆ ಸರಿಯಿಲ್ಲ’ ಎಂದು ಬರೆದರು, ಆಟಕ್ಕೆ ಬಿಡಲಿಲ್ಲ. ಯಾರಾದರೂ ಟಾರ್ಚ್ ಹಿಡಿದು ಬಾಯಿ ತೆರೆಸಿದ್ದರೆ ಸಾಕಿತ್ತು. ಕೆಳಗಿನ ದವಡೆ ಹಲ್ಲಿನಲ್ಲಿ ಕಾಳು ಕೂರುವಷ್ಟು ದೊಡ್ಡ ತೂತು, ಅದರ ಪಕ್ಕ ಒಸಡಿನ ಮೇಲೆ ಕೀವಿನ ಗುಳ್ಳೆ ಕಾಣುತ್ತಿತ್ತು.

ಕಾನೂನಿನ ತೊಡಕಿಗೆ ಸಿಕ್ಕ ಮಕ್ಕಳನ್ನು ಇರಿಸುವ ವೀಕ್ಷಣಾಲಯ, ವ್ಯಸನಮುಕ್ತಿ ಕೇಂದ್ರ, ತಿಂಗಳುಗಟ್ಟಲೆ ಇದ್ದು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವ ಜಾಗ, ಎಲ್ಲ ಕಡೆಯೂ ಹೀಗಾಗಬಹುದು. ಹೊರಗಿರುವ ನಮಗೆ ರಾತ್ರಿ ಹಲ್ಲು ಸಿಡಿದರೆ ಎದ್ದು ಮಾತ್ರೆ ನುಂಗುತ್ತೇವೆ, ಬೆಳಗಾದರೆ ಡಾಕ್ಟರ ಹತ್ತಿರ ಓಡುತ್ತೇವೆ. ಒಳಗಿರುವವರಿಗೆ ಇದರಲ್ಲಿ ಒಂದೂ ತಮ್ಮ ಕೈಯಲ್ಲಿಲ್ಲ. ಬಾಯಿ ಮುಕ್ಕಳಿಸಲು ಉಪ್ಪು ಬೇಕೆಂದರೂ ಯಾರನ್ನೋ ಕೇಳಬೇಕು. ಹಾಗಾಗಿ ಇಂಥ ಕೇಂದ್ರ ನಡೆಸುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಒಂದೇ. ನೋವು ಅಂದರೆ ನಂಬಿ, ತಕ್ಷಣ ಬಾಯಿ ನೋಡಿ. ನಾಟಕವೋ ನಿಜವೋ ಎಂಬ ವಾದ ಆಮೇಲೆ ಇರಲಿ.

ಬಂದ ದಿನವೇ ಬಾಯಿ ನೋಡಿ

ಇದಕ್ಕೆ ಹಲ್ಲಿನ ಡಾಕ್ಟರೇ ಬೇಕಿಲ್ಲ. ತರಬೇತಿ ಪಡೆದ ನರ್ಸ್ ಒಬ್ಬರು ಟಾರ್ಚ್ ಮತ್ತು ಗ್ಲೌಸ್ ಹಿಡಿದು ಐದು ನಿಮಿಷ ಕೊಟ್ಟರೆ ಸಾಕು. ಮುಖದಲ್ಲಿ ಊತ ಇದೆಯಾ? ಒಸಡಿನಲ್ಲಿ ಗುಳ್ಳೆ, ರಕ್ತ? ಮುರಿದ ಹಲ್ಲು, ಕಪ್ಪಗಿನ ತೂತು? ಬಾಯಿ ಪೂರ್ತಿ ತೆರೆಯಲು ಆಗುತ್ತದಾ? ನೋಡಿ, ಬರೆದಿಡಿ.

ಕೆಲವನ್ನು ಕೇಳಿಯೇ ತಿಳಿಯಬೇಕು. ಯಾವ ಮಾತ್ರೆ ನುಂಗುತ್ತಿದ್ದಾರೆ, ಯಾವುದು ಒಗ್ಗುವುದಿಲ್ಲ, ಹೃದಯದ ಕವಾಟ ಬದಲಿಸಿದ್ದಾರಾ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲವಾ? ಕವಾಟ ಬದಲಿಸಿದವರಿಗೆ ಹಲ್ಲು ಕೀಳುವ ಮುಂಚೆ ಆಂಟಿಬಯಾಟಿಕ್ ಬೇಕಾಗುತ್ತದೆ.

ಎಲ್ಲರೂ ಮರೆಯುವ ಎರಡು ಪ್ರಶ್ನೆಗಳಿವೆ. ಒಂದು, ರೂಟ್ ಕೆನಾಲ್ (ಹಲ್ಲಿನ ಬೇರಿನೊಳಗೆ ಶುಚಿ ಮಾಡಿ ತುಂಬುವ ಚಿಕಿತ್ಸೆ) ಅರ್ಧಕ್ಕೆ ನಿಂತಿದೆಯಾ? ನಡುವೆ ಹಾಕಿರುವ ತಾತ್ಕಾಲಿಕ ಸಿಮೆಂಟು ಕೆಲವು ವಾರ ಮಾತ್ರ ತಡೆಯುತ್ತದೆ. ಅದು ಸೋರಿದರೆ ಒಳಗೆ ಮತ್ತೆ ಕೀವು ತುಂಬುತ್ತದೆ. ಇನ್ನೊಂದು, ಹಲ್ಲಿಗೆ ಕ್ಲಿಪ್ ಹಾಕಿದೆಯಾ, ಕೊನೆಯ ಸಲ ಬಿಗಿ ಮಾಡಿಸಿದ್ದು ಯಾವಾಗ? ನೋಡಿಕೊಳ್ಳುವವರಿಲ್ಲದ ಕ್ಲಿಪ್ಪಿನ ಸುತ್ತ ಹಲ್ಲು ಬೇಗ ಹುಳುಕಾಗುತ್ತದೆ. ತಂತಿ ಕೆನ್ನೆಗೆ ಚುಚ್ಚುತ್ತಿದ್ದರೆ ಮೇಣದ ಚೂರು ಅಂಟಿಸಿ, ಡಾಕ್ಟರಿಗೆ ತೋರಿಸಿ.

ಚಿಕ್ಕವರಾದರೆ ಹಲ್ಲಿನ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಸಹಿಯನ್ನು ಅವತ್ತೇ ಪಡೆಯಿರಿ. ಆಮೇಲೆ ಅವರನ್ನು ಹುಡುಕುತ್ತಾ ಕೂತರೆ ಮಗು ನೋವು ತಿನ್ನುತ್ತದೆ. ಪೋಷಕರು ಸಹಿ ಹಾಕಿದರು ಅಂತ ಮಗುವನ್ನು ಕೇಳದೆ ಇರಬೇಡಿ. ಬಾಯಿ ಅದರದ್ದು.

ಬ್ರಷ್ ಯಾರ ಕೈಯಲ್ಲಿ?

ಬ್ರಷ್ಷಿನ ಹಿಡಿಯನ್ನು ಉಜ್ಜಿ ಚೂಪು ಮಾಡಬಹುದು ಎಂಬ ಭಯ ಸುಳ್ಳಲ್ಲ. ಅದಕ್ಕೆ ಬ್ರಷ್ ಕೊಡದೇ ಇರುವುದು ಉತ್ತರವಲ್ಲ. ಗಿಡ್ಡ ಹಿಡಿಯ ಬ್ರಷ್, ಬಾಗುವ ಮೆತ್ತಗಿನ ಬ್ರಷ್, ಬೆರಳಿಗೆ ತೊಡಿಸುವ ಬ್ರಷ್ ಸಿಗುತ್ತವೆ. ಎಣಿಸಿ ಕೊಡಿ, ಎಣಿಸಿ ವಾಪಸ್ ಪಡೆಯಿರಿ. ಹಲ್ಲಿನ ಸಂದಿಗೆ ಉದ್ದನೆಯ ದಾರ ಕೊಡಲು ಆಗದಿದ್ದರೆ ಪುಟ್ಟ ಉಂಗುರದಂಥ ಫ್ಲಾಸ್ ಇದೆ.

ಬ್ರಷ್ಷನ್ನು ಬಹುಮಾನವಾಗಿ ಕೊಡುವುದು, ಶಿಕ್ಷೆಯಾಗಿ ಕಿತ್ತುಕೊಳ್ಳುವುದು ಖಂಡಿತ ಬೇಡ. ನೀರಿನಷ್ಟೇ ಅದೂ ಬೇಕು.

ದಿನಕ್ಕೆ ಎರಡು ಸಲ, ಪ್ರತಿ ಸಲ ಎರಡು ನಿಮಿಷ. ಬೆಳಗ್ಗೆ ಎಲ್ಲರೂ ಉಜ್ಜಿಸುತ್ತಾರೆ. ರಾತ್ರಿಯದು ಬಿಟ್ಟುಹೋಗುತ್ತದೆ, ದೀಪ ಆರಿಸುವ ಹೊತ್ತಿನ ಗಡಿಬಿಡಿ. ಆದರೆ ರಾತ್ರಿಯದೇ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗೆ ಕಾವಲು ಇರುವುದಿಲ್ಲ. ವೇಳಾಪಟ್ಟಿಯಲ್ಲಿ ಮಲಗುವ ಮುಂಚಿನ ಹತ್ತು ನಿಮಿಷವನ್ನು ಇದಕ್ಕೆಂದೇ ಬರೆದಿಡಿ. ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರಲಿ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು. ನೀರು ಹಾಕಿ ಜಾಸ್ತಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ತೊಳೆದುಹೋಗುತ್ತದೆ.

ಎಲ್ಲರ ಬ್ರಷ್ಷನ್ನು ಒಂದೇ ಲೋಟಕ್ಕೆ ತುರುಕಬೇಡಿ. ಒಸಡಿನ ರಕ್ತದಿಂದ ಹೆಪಟೈಟಿಸ್ ಬಿ, ಸಿ ಹರಡಬಹುದು. ಹೆಸರು ಬರೆದು, ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಗಾಳಿಗೆ ಒಣಗಲು ಬಿಡಿ. ಮೂರ್ನಾಲ್ಕು ತಿಂಗಳಿಗೆ ಬದಲಿಸಿ. ಬಾಯಿ ಮುಕ್ಕಳಿಸುವ ದ್ರವ ಕೊಳ್ಳುವಾಗ ಲೇಬಲ್ ಓದಿ. ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಕುಡಿತ ಬಿಡಲು ಬಂದವರ ಕೈಗೆ ಅದು ಸಿಗಬಾರದು.

ಔಷಧಿ, ವ್ಯಸನ ಮತ್ತು ಒಣಗಿದ ಬಾಯಿ

ವ್ಯಸನ ಬಿಟ್ಟ ಕೆಲವೇ ದಿನಕ್ಕೆ ಹಲ್ಲುನೋವು ಶುರುವಾಯಿತು ಎನ್ನುವವರನ್ನು ಸಿಬ್ಬಂದಿ ಅನುಮಾನದಿಂದ ನೋಡುತ್ತಾರೆ. ‘ಮಾತ್ರೆಗಾಗಿ ನಾಟಕ’ ಅನ್ನುತ್ತಾರೆ. ನಿಜ ಏನೆಂದರೆ, ಹೆರಾಯಿನ್‌ನಂಥ ಮಾದಕ ವಸ್ತು ನೋವನ್ನು ಮುಚ್ಚಿಡುತ್ತದೆ. ಒಳಗೊಳಗೇ ಹಲ್ಲು ಕೊಳೆಯುತ್ತಿರುತ್ತದೆ, ಗೊತ್ತಾಗುವುದಿಲ್ಲ. ಅದು ಇಳಿದಾಗ ವರ್ಷಗಳ ನೋವು ಒಟ್ಟಿಗೆ ಏಳುತ್ತದೆ. ಇದೇ ನೋವು ತಡೆಯಲಾಗದೆ ಚಿಕಿತ್ಸೆ ಬಿಟ್ಟು ಹೋಗುವವರೂ ಇರುತ್ತಾರೆ. ಹಾಗಾಗಿ ಹಲ್ಲಿನ ಆರೈಕೆಯನ್ನು ವ್ಯಸನದ ಚಿಕಿತ್ಸೆಯ ಭಾಗವೆಂದೇ ನೋಡಬೇಕು, ಅಲ್ವಾ?

ಮೆಥ್ (ಮೆಥಾಂಫೆಟಮಿನ್ ಎಂಬ ಮಾದಕ ವಸ್ತು) ಬಳಸಿದವರ ಬಾಯಿ ಒಣಗಿರುತ್ತದೆ, ಹಲ್ಲು ಮಸೆದು ಸವೆದಿರುತ್ತದೆ. ಖಿನ್ನತೆಯ ಹಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಇಂಥವರಿಗೆ ಪದೇ ಪದೇ ನೀರು ಕುಡಿಯಲು ಬಿಡಿ, ಅದಕ್ಕೂ ಅನುಮತಿ ಕೇಳುವಂತೆ ಮಾಡಬೇಡಿ. ಸಿಹಿ ಪಾನೀಯ, ಮಿಠಾಯಿಯನ್ನು ಒಳ್ಳೆಯ ನಡತೆಗೆ ಬಹುಮಾನವಾಗಿ ಕೊಡುವ ರೂಢಿ ಇದ್ದರೆ ನಿಲ್ಲಿಸಿ.

ಹೆರಾಯಿನ್‌ನಂಥ ವ್ಯಸನದ ಚಿಕಿತ್ಸೆಗೆ ಕೊಡುವ, ನಾಲಿಗೆಯಡಿ ಇಟ್ಟು ಕರಗಿಸುವ ಬ್ಯುಪ್ರಿನಾರ್ಫಿನ್ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅದನ್ನು ಬಳಸುವವರಲ್ಲಿ ಹಲ್ಲು ಹಾಳಾದ ವರದಿಗಳು ಬಂದಿದ್ದವು. ಇದಕ್ಕೆ ಔಷಧಿ ನಿಲ್ಲಿಸಬಾರದು, ಅದು ಜೀವ ಉಳಿಸುತ್ತದೆ. ಪೂರ್ತಿ ಕರಗಿದ ಮೇಲೆ ಒಂದು ಗುಟುಕು ನೀರನ್ನು ಬಾಯೊಳಗೆ ಮೆಲ್ಲಗೆ ಆಡಿಸಿ ನುಂಗಬೇಕು. ಬ್ರಷ್ ಮಾಡುವ ಮುಂಚೆ ಕನಿಷ್ಠ ಒಂದು ಗಂಟೆ ಕಾಯಬೇಕು. ಔಷಧಿ ಕೊಡುವ ಸಿಬ್ಬಂದಿ ಪಕ್ಕದಲ್ಲೇ ಲೋಟ ನೀರು ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ತಿಂದದ್ದನ್ನು ತಾವಾಗಿಯೇ ವಾಂತಿ ಮಾಡುವ ಕಾಯಿಲೆ ಇರುವವರಿಗೆ ಮೇಲಿನ ಮುಂಭಾಗದ ಹಲ್ಲುಗಳು ಒಳಬದಿಯಲ್ಲಿ ಸವೆದಿರುತ್ತವೆ. ಹೊಟ್ಟೆಯ ಆಮ್ಲದ ಕೆಲಸ ಅದು. ವಾಂತಿಯಾದ ತಕ್ಷಣ ಉಜ್ಜಿದರೆ ಸವೆತ ಹೆಚ್ಚುತ್ತದೆ. ನೀರಿನಲ್ಲಿ ಚಿಟಿಕೆ ಅಡುಗೆ ಸೋಡ ಹಾಕಿ ಮುಕ್ಕಳಿಸಲಿ, ಉಜ್ಜುವುದು ಆಮೇಲೆ.

ನೋವು ಅಂದಾಗ

ಹೇಳಿಕೊಳ್ಳಲು ಗುಟ್ಟಿನ ದಾರಿ ಇರಲಿ. ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರೆ ನೇರ ನರ್ಸ್ ಕೈಗೆ ಹೋಗಬೇಕು, ಕಾವಲಿನವರ ಕೈಗಲ್ಲ. ಬರೆಯಲು ಬಾರದವರು ಬಾಯಿಯ ಚಿತ್ರದಲ್ಲಿ ನೋವಿನ ಜಾಗಕ್ಕೆ ಗುರುತು ಹಾಕಲಿ.

ಕೆಲವಕ್ಕೆ ಕಾಯುವಂತಿಲ್ಲ. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡುತ್ತಿದೆ, ಜ್ವರ ಇದೆ, ನುಂಗಲು ಕಷ್ಟ, ಬಾಯಿ ತೆರೆಯಲಾಗದು, ಉಸಿರಿಗೆ ತೊಂದರೆ, ರಕ್ತ ನಿಲ್ಲುತ್ತಿಲ್ಲ ಅಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಾವಲಿಗೆ ಜನ ಇಲ್ಲ ಎಂದು ಬೆಳಗಿನವರೆಗೆ ಕಾಯಬೇಡಿ. ನಾಲಿಗೆಯಡಿಯ ಸೋಂಕು ಉಬ್ಬಿ ಉಸಿರಿನ ದಾರಿಯನ್ನೇ ಮುಚ್ಚಬಹುದು.

ಹೊಡೆದಾಟದಲ್ಲಿ ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದರೆ ಬೇರನ್ನು ಮುಟ್ಟದೆ, ಮೇಲ್ಭಾಗ ಹಿಡಿದೆತ್ತಿ. ಕೊಳೆ ಇದ್ದರೆ ನೀರಲ್ಲಿ ಒಮ್ಮೆ ಅದ್ದಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ಡಾಕ್ಟರ ಬಳಿ ಇರಿ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು.

ಉಳಿದ ನೋವಿಗೆ ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಜೊತೆಯಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. ಹಲ್ಲು ಕಿತ್ತ ಮೇಲೂ ಬಹಳಷ್ಟು ಜನರಿಗೆ ಇವೇ ಸಾಕು, ಅಮಲಿನ ಮಾತ್ರೆ ಬೇಕಾಗುವುದಿಲ್ಲ. ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಹುಣ್ಣು ಇರುವವರಿಗೆ ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಕೊಡಬೇಡಿ. ಕುಡಿತದಿಂದ ಲಿವರ್ ಕೆಟ್ಟಿದ್ದರೆ ಪ್ಯಾರಸಿಟಮಾಲ್ ಪ್ರಮಾಣವನ್ನೂ ಕೇಳಿಕೊಳ್ಳಿ. ಮಕ್ಕಳಿಗೆ ಆಸ್ಪಿರಿನ್ ಬೇಡ. ಬರೀ ಆಂಟಿಬಯಾಟಿಕ್ ಕೊಟ್ಟು ಸುಮ್ನೆ ಇರುವುದೂ ಸರಿಯಲ್ಲ, ಹುಳುಕು ಅಲ್ಲೇ ಇರುತ್ತದಲ್ಲ.

ಡಾಕ್ಟರ ಕುರ್ಚಿಯಲ್ಲಿ

ಒಳಗಿರುವ ಎಷ್ಟೋ ಮಕ್ಕಳು ಹೊಡೆತ, ಲೈಂಗಿಕ ಹಿಂಸೆ ಕಂಡವರು. ಅಂಗಾತ ಮಲಗಿಸಿ, ಮುಖದ ಮೇಲೆ ಬಗ್ಗಿ, ಬಾಯೊಳಗೆ ಕೈ ಹಾಕುವುದು ಅವರಿಗೆ ಏನನ್ನು ನೆನಪಿಸಬಹುದು ಯೋಚಿಸಿ. ಏನು ಮಾಡುತ್ತೇವೆಂದು ಮೊದಲು ಹೇಳಿ, ಉಪಕರಣ ತೋರಿಸಿ, ಆಮೇಲೆ ಮಾಡಿ. ಎಡಗೈ ಎತ್ತಿದರೆ ನಿಲ್ಲಿಸುತ್ತೇವೆ ಎಂದು ಮಾತು ಕೊಡಿ, ನಿಜಕ್ಕೂ ನಿಲ್ಲಿಸಿ. ಆ ಸಂಜ್ಞೆಗೆ ಕೈ ಬೇಕು, ಕೋಳ ತೊಡಿಸಿದ ಕೈಯಿಂದ ಅದು ಆಗದು. ಕುರ್ಚಿಯನ್ನು ಅರ್ಧ ಮಾತ್ರ ಬಾಗಿಸಿದರೂ ಬೇಕಾದಷ್ಟು ಕೆಲಸ ಮಾಡಬಹುದು.

ಕೊಕೇನ್ ಅಥವಾ ಮೆಥ್ ಬಳಸಿ 24 ಗಂಟೆ ಕಳೆದಿಲ್ಲವಾದರೆ ಡಾಕ್ಟರಿಗೆ ತಿಳಿದಿರಲೇಬೇಕು. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಅಡ್ರಿನಲಿನ್ ಸೇರಿದ್ದರೆ ಹೃದಯಕ್ಕೆ ಅಪಾಯ.

ಎಷ್ಟು ದಿನ ಇರುತ್ತಾರೆ ಎಂದು ನೋಡಿ ಚಿಕಿತ್ಸೆ ಆರಿಸಿ. ಎರಡು ವಾರಕ್ಕೆ ಹೋಗುವವರಿಗೆ ನೋವು, ಕೀವು ಮೊದಲು. ಮುಗಿಸಲಾಗದ ರೂಟ್ ಕೆನಾಲ್ ಶುರು ಮಾಡಬೇಡಿ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಸವರಿದರೆ ಕೊರೆಯದೆಯೇ ಅದು ಹಬ್ಬುವುದನ್ನು ತಡೆಯಬಹುದು. ಆ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಹೇಳಿ ಒಪ್ಪಿಗೆ ಕೇಳಿ. ಉಳಿಸಬಹುದಾದ ಮುಂಭಾಗದ ಹಲ್ಲನ್ನು ಸುಲಭ ಎಂದು ಕೀಳಬೇಡಿ. ಹದಿನಾರರ ಹುಡುಗಿ ನಾಳೆ ಕೆಲಸ ಕೇಳಲು ಹೋಗುವುದು ಅದೇ ಮುಖ ಹೊತ್ತು.

ದುಡ್ಡಿಲ್ಲ, ಡಾಕ್ಟರಿಲ್ಲ ಎನ್ನುವವರಿಗೆ ಈ ಎರಡು ನಿಯಮ ತೋರಿಸಿ. ಬಂಧನದಲ್ಲಿರುವ ಮಕ್ಕಳಿಗಾಗಿ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ಹವಾನಾ ನಿಯಮಗಳಲ್ಲಿ 49ನೆಯದು ಹಲ್ಲಿನ ಆರೈಕೆಯನ್ನು ಹೆಸರಿಟ್ಟೇ ಹೇಳುತ್ತದೆ. ಕೈದಿಗಳ ಬಗ್ಗೆ ವಿಶ್ವಸಂಸ್ಥೆಯೇ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 25ನೆಯದು ಪ್ರತಿ ಕೈದಿಗೂ ಅರ್ಹ ಹಲ್ಲಿನ ಡಾಕ್ಟರ ಸೇವೆ ಸಿಗಬೇಕು ಎನ್ನುತ್ತದೆ.

ಬಿಡುಗಡೆಯ ದಿನ ಒಂದು ಹಾಳೆ ಕೊಟ್ಟು ಕಳಿಸಿ. ಯಾವ ಹಲ್ಲಿಗೆ ಏನಾಯಿತು, ಏನು ಬಾಕಿ ಇದೆ, ಯಾವ ಡಾಕ್ಟರ ಬಳಿ ಯಾವ ತಾರೀಕಿಗೆ ಹೋಗಬೇಕು ಎಂದು ಸರಳವಾಗಿ ಬರೆದಿರಲಿ. ಎಕ್ಸ್‌ರೇ ಇದ್ದರೆ ಜೊತೆಗಿಡಿ. ಒಂದು ಹೊಸ ಬ್ರಷ್ಷನ್ನೂ ಇಡಿ, ಈ ಸಲ ಉದ್ದ ಹಿಡಿಯದ್ದು.