ಕೂಲರ್ ಬಂದ್ ಆದ ಮೇಲೆ ಲಾಕ್ ಆಯ್ತು

ಮೇ ತಿಂಗಳ ಒಂದು ರಾತ್ರಿ, ನಾನು ಕಟ್ಟಿದ ಫೈಬರ್ ಲೇಸರಿನ ಪಲ್ಸುಗಳು ಆಸಿಲೋಸ್ಕೋಪಿನ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ನಿಂತವು. ಲೇಸರ್ ಲಾಕ್ ಆಗಿತ್ತು, ಅಂದರೆ ಬೆಳಕು ಒಂದೇ ಲಯಕ್ಕೆ ಬಂದು ಚಿಕ್ಕ ಚಿಕ್ಕ ಪಲ್ಸುಗಳಾಗಿ ಹೊರಡುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಸುಮಾರು 100 ನ್ಯಾನೋಸೆಕೆಂಡ್. ಬೆಳಕು ಸುತ್ತೋ ಫೈಬರ್ ರಿಂಗಿನ ಉದ್ದ 20 ಮೀಟರ್ ಆಸುಪಾಸು, ಲೆಕ್ಕ ಸರಿಯಾಗಿ ಕೂತಿತು. ಲೇಸರಿಗೆ ಶಕ್ತಿ ಕೊಡೋ ಪಂಪ್ ಬೆಳಕನ್ನು ಸ್ವಲ್ಪ ಏರಿಸಿದೆ, ಇಳಿಸಿದೆ, ಅಂತರ ಕದಲಲಿಲ್ಲ. "ಕಲಬುರಗ್ಯಾಗ ಕೂತು ನ್ಯಾನೋಟ್ಯೂಬ್ ಲೇಸರ್ ಮಾಡ್ತೀರೇನ್ರಿ ಸರ?" ಅಂತ ನಕ್ಕವರಿಗೆಲ್ಲ ಆಗಲೇ ಫೋಟೋ ಕಳಿಸಿದೆ. ಇಂಗಾಲದ ನ್ಯಾನೋಟ್ಯೂಬು ಮಂದ ಬೆಳಕನ್ನು ಹೀರಿ ಜೋರು ಬೆಳಕನ್ನು ಬಿಡುತ್ತದೆ, ಲಾಕ್ ಆಗೋದು ಅದರಿಂದಲೇ. ಜಪಾನಿನವರು 2003ರಲ್ಲೇ ಮಾಡಿದ್ದು, 2009ರಲ್ಲಿ ಗ್ರಾಫೀನಿನಿಂದಲೂ ಆಯ್ತು. ನಮ್ಮಲ್ಲಿ ಯಾಕಾಗಬಾರದು?

ಮೊದಲು ಆಸೆ ಇದ್ದಿದ್ದು ಗಾಜಿನ ಚಿಪ್‌ನೊಳಗೆ ಬರೆದ ವೇವ್‌ಗೈಡ್, ಅಂದರೆ ಬೆಳಕು ಸಾಗೋ ದಾರಿಯ ಮೇಲೆ. ಅದನ್ನು ಬರೆಯೋ ಫೆಮ್ಟೋಸೆಕೆಂಡ್ ಲೇಸರಿನ ಬೆಲೆ ಕೇಳಿ ಸುಮ್ಮನಾದೆ. ಫೈಬರೂ ವೇವ್‌ಗೈಡೇ ಅಲ್ವಾ? ಬೆಳಕನ್ನು ಹೆಚ್ಚಿಸೋ ಎರ್ಬಿಯಂ ಬೆರೆತ ಫೈಬರಿನ ರಿಂಗ್ ಹಿಡಿದೆ.

980 ನ್ಯಾನೋಮೀಟರಿನ ಪಂಪ್ ಡಯೋಡು, ಡ್ರೈವರ್ ಸೇರಿ ಐವತ್ತು ಸಾವಿರ ದಾಟಿತು. ಪಂಪ್ ಬೆಳಕನ್ನು ರಿಂಗಿಗೆ ಸೇರಿಸೋ ಡಬ್ಲ್ಯುಡಿಎಂ, ಒಂದೇ ದಿಕ್ಕಿಗೆ ಬಿಡೋ ಐಸೋಲೇಟರ್, ಬೆಳಕನ್ನು ಹಂಚೋ ಕಪ್ಲರ್ ಎಲ್ಲ ಸೇರಿ ಇನ್ನೊಂದು ಇಪ್ಪತ್ತು. ಹೊಟ್ಟೆ ಉರಿದದ್ದು ನ್ಯಾನೋಟ್ಯೂಬ್ ಪುಡಿಯ ವಿಷಯದಲ್ಲಿ. ಲೇಬಲ್ ನೋಡದೆ ತರಿಸಿದ ಮೊದಲ ಪೊಟ್ಟಣದ ಟ್ಯೂಬುಗಳ ವ್ಯಾಸ 2 ನ್ಯಾನೋಮೀಟರ್. ಈ ಲೇಸರಿನ 1550 ನ್ಯಾನೋಮೀಟರ್ ಬೆಳಕಿಗೆ ಬೇಕಾದ್ದು 1.2, 1.3. ಆರು ಸಾವಿರ ನೀರಿಗೆ ಹೋಯ್ತು, ನಿಜವಾಗಿಯೂ ನೀರಿಗೇ. ಫೈಬರ್ ತುದಿಗಳನ್ನು ಬೆಸೆಯೋ ಸ್ಪ್ಲೈಸಿಂಗ್ ಮಾತ್ರ ಅಗ್ಗಕ್ಕೆ ಮುಗಿಯಿತು. ಮನೆಮನೆಗೆ ಇಂಟರ್ನೆಟ್ ಹಾಕೋ ಹುಡುಗ ಸಂಜೆ ತನ್ನ ಮೆಷಿನ್ ತರುತ್ತಿದ್ದ, ಒಂದು ಜಾಯಿಂಟಿಗೆ ನೂರೈವತ್ತು. ಎರ್ಬಿಯಂ ಫೈಬರಿನ ಕೋರ್, ಅಂದರೆ ಬೆಳಕು ಹೋಗೋ ನಡುಭಾಗ, ಸಣ್ಣದು ಅಂತ ಹೇಳಿದ್ದಕ್ಕೆ ಮೂರೇ ಸಲ ಕೆಡಿಸಿ, ಆಮೇಲೆ ನನಗಿಂತ ಚೆನ್ನಾಗಿ ಕಲಿತುಬಿಟ್ಟ.

ನಿಜವಾದ ಕಾಟ ಟ್ಯೂಬುಗಳನ್ನು ಹಿಡಿದಿಡೋ ತೆಳು ಫಿಲ್ಮಿನದು. ಕನ್ನಡಕ ತೊಳೆಯೋ ಅಲ್ಟ್ರಾಸೋನಿಕ್ ಡಬ್ಬಿಯಲ್ಲಿ ಪುಡಿಯನ್ನು ದಿನಕ್ಕೆ ಆರು ಗಂಟೆಯಂತೆ ಮೂರು ದಿನ ಕಲಕಿದೆ. ಗೆಳೆಯನ ರಕ್ತಪರೀಕ್ಷೆ ಲ್ಯಾಬಿನ ಸೆಂಟ್ರಿಫ್ಯೂಜ್ 4000 ಸುತ್ತಿಗಿಂತ ಮೇಲೆ ಹೋಗೋದಿಲ್ಲ. ಅಷ್ಟರಲ್ಲಿ ಗಂಟುಗಳು ಕೆಳಗೆ ಇಳಿಯಲೇ ಇಲ್ಲ. ಕಡೆಗೆ ಅವನ್ನು ಹೇಗೆ ತೆಗೆದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಇನ್ನೊಂದು ಪೇಪರ್ ಬಾಕಿ ಇದೆ.

ಪಿವಿಎ ಅನ್ನೋ ಪ್ಲಾಸ್ಟಿಕ್ ಬೆರೆಸಿ ಪೆಟ್ರಿ ಡಿಶ್ಶಿಗೆ ಸುರಿದು, ಒಣಗಲಿ ಅಂತ ಕೂಲರಿನ ಎದುರಿಗೆ ಇಡುತ್ತಿದ್ದೆ. ಬುದ್ಧಿ ಎಲ್ಲಿತ್ತೋ! ಕೂಲರ್ ಗಾಳಿ ಅಂದರೆ ನೀರಿನ ಗಾಳಿ, ಪಿವಿಎ ನೀರಿನಲ್ಲೇ ಕರಗೋ ಪದಾರ್ಥ. ಫಿಲ್ಮ್ ಹಪ್ಪಳದ ಹಾಗೆ ಅಲೆ ಅಲೆಯಾಗಿ ಬರುತ್ತಿತ್ತು, ಬೆರಳಿಗೆ ಅಂಟುತ್ತಿತ್ತು. ಎರಡು ಕನೆಕ್ಟರುಗಳ ನಡುವೆ ಸಿಕ್ಕಿಸಿದರೆ ಬೆಳಕಿನ ಲಾಸ್ ಒಮ್ಮೆ ಮೂರು ಡಿಬಿ (ಅರ್ಧ ಬೆಳಕು ಹೋದ ಹಾಗೆ), ಒಮ್ಮೆ ಏಳು. ಕೋರ್ ಇರೋ ಜಾಗದಲ್ಲಿ ಕಪ್ಪು ಚುಕ್ಕೆ ಬಿದ್ದು ಸುಟ್ಟೇ ಹೋಗುತ್ತಿತ್ತು. ಹದಿನಾಲ್ಕೋ ಹದಿನೈದೋ ಫಿಲ್ಮ್ ಹೀಗೆ ಹೋದವು. ಸಾಲದ್ದಕ್ಕೆ ಅದೇ ಗಾಳಿಗೆ ಫೈಬರ್ ಅಲ್ಲಾಡಿ ಪೋಲರೈಸೇಶನ್, ಅಂದರೆ ಬೆಳಕು ಕಂಪಿಸೋ ದಿಕ್ಕು, ಕೂಡ ನಿಲ್ಲುತ್ತಿರಲಿಲ್ಲ.

ಕೈ ಸುಮ್ಮನಿರದೆ, ಅದೂ ಇಂಗಾಲವೇ ಅಂತ, ಕನೆಕ್ಟರಿನಲ್ಲಿ ಫೈಬರ್ ಹಿಡಿಯೋ ಫೆರೂಲಿನ ತುದಿಗೆ ಪೆನ್ಸಿಲ್ ಗೀಚಿಯೂ ನೋಡಿದೆ. ಕ್ಯೂ-ಸ್ವಿಚ್ ಬಂತು, ಅಂದರೆ ಲಾಕ್ ಇಲ್ಲದ ನಿಧಾನದ ಪಲ್ಸುಗಳು! ಪಂಪ್ ಏರಿಸಿದಂತೆ ಅವುಗಳ ಗತಿ 15ರಿಂದ 40 ಕಿಲೋಹರ್ಟ್ಸ್‌ವರೆಗೆ ಏರಿತು. "ಆತಲ್ರಿ ಸರ, ಪಲ್ಸ್ ಬಂತಲ್ಲ" ಅಂದ ವಿದ್ಯಾರ್ಥಿ. ನನಗೆ ಬೇಕಿದ್ದಿದ್ದು ಅದಲ್ಲ. ದೇವರ ದೀಪದ ಮಸಿಯನ್ನೂ ಬಿಡಲಿಲ್ಲ. ಅದರಿಂದ ಬರೀ ಲಾಸ್, ಜೊತೆಗೆ ಒಂದು ಕನೆಕ್ಟರ್ ಹಾಳು.

ಒಂದು ದಿನ ಕೂಲರಿನ ಮೋಟಾರು ಕೆಟ್ಟಿತು. ಹೊರಗೆ 42 ಡಿಗ್ರಿ. ಡಿಶ್ಶನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಶೂ ಪೆಟ್ಟಿಗೆಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ಮಾಳಿಗೆಯ ತಗಡಿನ ಕೋಣೆಯಲ್ಲಿ ಎರಡು ದಿನ ಮರೆತುಬಿಟ್ಟೆ. ತೆಗೆದರೆ ಗಾಜಿನಷ್ಟು ಸಪಾಟ, ದಪ್ಪ 40 ಮೈಕ್ರಾನ್ ಇರಬಹುದು. ನಮ್ಮ ಬಿಸಿಲನ್ನು ಬೈಯೋದು ಅವತ್ತೇ ಬಿಟ್ಟೆ. ಫೈಬರ್ ಸುರುಳಿಯನ್ನೂ ಶಹಾಬಾದ್ ಫರ್ಶಿ ಮೇಲೆ ಟೇಪ್ ಹಚ್ಚಿ ಕೂರಿಸಿದೆ. ಪಂಪ್ 70 ಮಿಲಿವಾಟ್ ಹತ್ತಿರ ಇದ್ದಾಗ, ಪೋಲರೈಸೇಶನ್ ತಿದ್ದೋ ಪ್ಯಾಡಲ್ ಎರಡು ಸಲ ತಿರುಗಿಸಿದ್ದೇ ಲಾಕ್. ಹುಮ್ಮಸ್ಸಿನಲ್ಲಿ 150 ದಾಟಿಸಿ ಆ ತುಂಡನ್ನೂ ಸುಟ್ಟೆ. ಈಗ ನೂರರ ಮೇಲೆ ಹೋಗೋದಿಲ್ಲ.

ಇಷ್ಟು ಚಿಕ್ಕ ಪಲ್ಸಿನ ಅವಧಿ ಅಳೆಯೋ ಆಟೋಕೋರಿಲೇಟರ್ ಇಲ್ಲ. ರಿಂಗನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಹೋಗಿ, ಪರಿಚಯದವರ ಲ್ಯಾಬಿನಲ್ಲಿ ಸ್ಪೆಕ್ಟ್ರಮ್ ತೆಗೆಸಿದೆ. ಅಗಲ 3 ನ್ಯಾನೋಮೀಟರ್, ಎರಡೂ ಬದಿಗೆ ಕೆಲಿ ಕೋಡುಗಳು, ಅಂದರೆ ಲಾಕ್ ಆದ ಇಂಥ ಪಲ್ಸಿನ ಗುರುತಾದ ಚೂಪು ಏರುಗಳು. ಲೆಕ್ಕಕ್ಕೆ ಪಲ್ಸಿನ ಅವಧಿ 0.85 ಪಿಕೋಸೆಕೆಂಡ್ ಬರುತ್ತದೆ, ಅಳೆದದ್ದಲ್ಲ.

ಮಳೆ ಶುರುವಾದ ಮೇಲೆ ಬೆಳಗಿನ ಹೊತ್ತು ಲಾಕ್ ಆಗಲು ತಕರಾರು ಮಾಡುತ್ತಿದೆ. ಕನೆಕ್ಟರನ್ನೇ ಸಿಲಿಕಾ ಜೆಲ್ ಜೊತೆ ಊಟದ ಡಬ್ಬಿಯೊಳಗೆ ಕೂರಿಸಿದ್ದೇನೆ. ಕೂಲರ್ ರಿಪೇರಿ ಮಾಡಿಸಿಲ್ಲ.