ಸರಪಳಿ ಹಿಡಿದು ಕಲಿತ ಅಮೆರಿಕನ್ ಫುಟ್‌ಬಾಲ್

ಮಗ ಟೆಕ್ಸಸ್‌ನ ತನ್ನ ಹೈಸ್ಕೂಲಿನ ಕಿರಿಯರ ತಂಡಕ್ಕೆ ಸೇರಿದ ಮೇಲೆ, ಗುರುವಾರದ ಪಂದ್ಯಗಳಿಗೆ ಅಳತೆಯ ಸರಪಳಿ ಹಿಡಿಯಲು ಅಪ್ಪಂದಿರು ಬೇಕು ಅಂದರು. ಹೋದೆ. ಆಟ ತಲೆಗೆ ಹತ್ತಿದ್ದೂ ಅಲ್ಲೇ. ಟಿವಿಯಲ್ಲಿ ನೋಡುವಾಗ ಒಬ್ಬರ ಮೇಲೊಬ್ಬರು ಬೀಳುವುದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಸರಪಳಿ ಸರಿಯಾಗಿ 10 ಗಜ, ಎರಡೂ ತುದಿಗೆ ಒಂದೊಂದು ಕೋಲು. ಹಿಂದಿನದು ಚೆಂಡು ಹೊರಟ ಸಾಲಿಗೆ, ಮುಂದಿನದು ತಲುಪಬೇಕಾದ ಸಾಲಿಗೆ. ಇನ್ನೊಬ್ಬರ ಕೈಯಲ್ಲಿ 1ರಿಂದ 4ರವರೆಗೆ ಅಂಕಿ ತಿರುಗಿಸುವ ಫಲಕ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಡೌನ್, ಅಂದರೆ ನಾಲ್ಕು ಯತ್ನ. ಅಷ್ಟರೊಳಗೆ 10 ಗಜ ಸಾಗಿದರೆ ಲೆಕ್ಕ ಮತ್ತೆ 1ರಿಂದ; ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಸಾಕಷ್ಟು ರನ್ ಹೊಡೆದವರಿಗೆ ಇನ್ನೊಂದು ಓವರ್ ಕೊಟ್ಟ ಹಾಗೆ ಅಂದುಕೊಳ್ಳಿ. ಈ ಕಟ್ಟುಪಾಡು ಇಲ್ಲದಿದ್ದಾಗ ಒಂದೇ ತಂಡ ಅರ್ಧ ಪಂದ್ಯವಿಡೀ ಚೆಂಡು ಬಿಡದೆ ಕೂತದ್ದುಂಟು. 1882ರಲ್ಲಿ, ಈ ಆಟದ ನಿಯಮಗಳನ್ನು ರೂಪಿಸಿದ ವಾಲ್ಟರ್ ಕ್ಯಾಂಪ್ ಮೂರು ಯತ್ನಕ್ಕೆ 5 ಗಜದ ನಿಯಮ ತಂದರು. ಈಗಿನ ಲೆಕ್ಕ 1912ರದು.

ಚೆಂಡು ಎತ್ತಿಕೊಂಡು ಓಡಬಹುದು, ಇಲ್ಲವೇ ಆ ಡೌನ್ ಶುರುವಾದ ಗೆರೆಯ ಹಿಂದಿನಿಂದ ಒಂದು ಸಲ ಮುಂದಕ್ಕೆ ಎಸೆಯಬಹುದು. ಎಸೆದದ್ದನ್ನು ಯಾರೂ ಹಿಡಿಯದೆ ನೆಲಕ್ಕೆ ಬಿತ್ತೋ, ಡೌನ್ ಹೋಯಿತು, ಜಾಗ ಅದೇ.

ನನಗೆ ಇಷ್ಟವಾದದ್ದು ಅಳತೆ. ಕೂದಲೆಳೆಯ ಅಂತರ ಇದ್ದಾಗ ರೆಫರಿ ನಮ್ಮನ್ನು ಒಳಗೆ ಕರೆಯುತ್ತಾನೆ. ಸರಪಳಿ ಎತ್ತಿಕೊಂಡು ಹೋದರೆ ಗುರುತು ತಪ್ಪುವುದಿಲ್ಲವೇ? ಅದಕ್ಕೇ ಒಂದು ಕ್ಲಿಪ್. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಸರಪಳಿ ಅದರಲ್ಲಿ ಒಂದನ್ನು ದಾಟುವ ಜಾಗದಲ್ಲಿ ಕ್ಲಿಪ್ ಸಿಕ್ಕಿಸಿಟ್ಟಿರುತ್ತೇವೆ. ಒಳಗೆ ಹೋದ ಮೇಲೆ ಲೈನ್ಸ್‌ಮನ್ ಆ ಕ್ಲಿಪ್ಪನ್ನು ಅದೇ ಗೆರೆಯ ಮೇಲೆ ಒತ್ತಿ ಹಿಡಿಯುತ್ತಾನೆ, ಅಂಪೈರ್ ಮುಂದಿನ ಕೋಲು ಇಸಿದುಕೊಂಡು ಬಿಗಿಯಾಗಿ ಎಳೆಯುತ್ತಾನೆ. ಚೆಂಡಿನ ಮೂತಿ ಕೋಲಿನ ಮಟ್ಟಕ್ಕೆ ಬಂದಿದ್ದರೆ ಸಾಕು. ತಮಾಷೆ ಎಂದರೆ, ಚೆಂಡು ಇಡುವ ಜಾಗ ನಿರ್ಧರಿಸುವುದು ಮಾತ್ರ ಕಣ್ಣಂದಾಜಿನಲ್ಲಿ! ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2025ರಿಂದ ಕ್ಯಾಮೆರಾಗಳಿಂದ ಅಳೆಯುತ್ತಿದೆ. ಸರಪಳಿಯನ್ನು ಆಪತ್ತಿಗಿರಲಿ ಅಂತ ಇಟ್ಟುಕೊಂಡಿದೆ.

ನಾಲ್ಕನೇ ಡೌನ್‌ನಲ್ಲಿ ಧೈರ್ಯ ಮಾಡುವವರು ಕಡಿಮೆ. ಗೋಲಿನ ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು 3 ಅಂಕ ತಗೊಳ್ಳುತ್ತಾರೆ, ದೂರವಿದ್ದರೆ ಚೆಂಡನ್ನು ಆದಷ್ಟು ಆಚೆಗೆ ಒದ್ದು ಎದುರಾಳಿಗೆ ಬಿಡುತ್ತಾರೆ. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ತುದಿಯ ಪಟ್ಟಿಗೆ (ಎಂಡ್ ಝೋನ್) ಮುಟ್ಟಿಸಿದರೆ 6, ಆಮೇಲೆ ಒದ್ದರೆ 1, ಮತ್ತೆ ಎಂಡ್ ಝೋನ್‌ಗೆ ನುಗ್ಗಿದರೆ 2.

ಹೊಸಬರಿಗೆ ನಾನು ಹೇಳುವುದು: ಚೆಂಡನ್ನು ಬಿಡಿ, ಫಲಕ ನೋಡಿ. 3 ಅಂತ ಇದ್ದು ಇನ್ನೂ 8 ಗಜ ಬಾಕಿ ಇದ್ದರೆ ಎಸೆಯುತ್ತಾರೆ ಅಂತ ಕ್ರೀಡಾಂಗಣಕ್ಕೆಲ್ಲ ಗೊತ್ತು. ಒಂದೇ ಗಜ ಬಾಕಿ ಇದ್ದರೆ ನಡುವಿನ ಸಾಲಿನ ದಡೂತಿ ಆಟಗಾರರನ್ನು ಗಮನಿಸಿ. ನನ್ನ ಮಗ ಅಲ್ಲಿರುತ್ತಾನೆ. ಚೆಂಡು ಅವನ ಕೈಗೆ ಬರುವುದೇ ಇಲ್ಲ, ಎದುರಿನವನನ್ನು ತಳ್ಳಿ ದಾರಿ ಬಿಡಿಸುವುದಷ್ಟೇ ಕೆಲಸ. ಅವನು ಎಷ್ಟು ಚೆನ್ನಾಗಿ ತಳ್ಳಿದರೂ ನಾನು ಕೂಗುವಂತಿಲ್ಲ. ಸರಪಳಿ ಹಿಡಿದವರಿಗೆ ತಂಡವಿಲ್ಲ. ಆ ಕೆಲಸ ಮೇಲೆ ಕೂತ ಅವನ ಅಮ್ಮನದು, ಅವಳು ಕಡಿಮೆ ಮಾಡುವುದಿಲ್ಲ.