ಪ್ರಾಣಿ ಆರೈಕೆಯ ಆನ್‌ಲೈನ್ ಕೋರ್ಸು: ನಾನು ಆರಿಸಿಕೊಂಡ ರೀತಿ

ಬಾಗಲಕೋಟೆಯ ನವನಗರದಲ್ಲಿ ಒಂದು ಖಾಸಗಿ ಪಶು ಕ್ಲಿನಿಕ್‌ನಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತೇನೆ. ನಾಯಿ ಹಿಡಿಯೋದು, ಸಲೈನ್ ನೋಡಿಕೊಳ್ಳೋದು, ಆಪರೇಷನ್ ಆದ ಮೇಲೆ ಪೂರ್ತಿ ಎಚ್ಚರ ಆಗೋವರೆಗೆ ಪಕ್ಕದಲ್ಲೇ ಕೂರೋದು, ನಡುವೆ ಫೋನ್ ಎತ್ತೋದು, ಎಲ್ಲ ನನ್ನದೇ. ಇಂಗ್ಲೆಂಡಿನಲ್ಲಿ ವೆಟರ್ನರಿ ನರ್ಸ್ ಆಗಲು ವರ್ಷಗಟ್ಟಲೆ ಓದಿ ರಿಜಿಸ್ಟರ್ ಆಗಬೇಕು. ನಾವು ನೋಡ್ತಾ ನೋಡ್ತಾ ಕಲಿತವರು. ಅದಕ್ಕೇ ಅಲ್ಲಿಯವರಿಗೆ ಅಂತ ಮಾಡಿದ ಒಂದೆರಡು ಗಂಟೆಯ ಕೋರ್ಸುಗಳನ್ನು ಮೊಬೈಲ್‌ನಲ್ಲಿ ನೋಡಲು ಶುರು ಮಾಡಿದೆ.

ನಾಳೆ ಬೆಳಗ್ಗೆ ಕ್ಲಿನಿಕ್‌ನಲ್ಲಿ ಇದನ್ನು ಮಾಡಬಹುದಾ? ಕೋರ್ಸು ಆರಿಸುವಾಗ ಇದೊಂದನ್ನೇ ನೋಡುತ್ತೇನೆ. ಔಷಧದ ಡೋಸ್ ಹೇಳುವ ಕೋರ್ಸು ನಮಗೆ ಬೇಡ, ಅದು ಡಾಕ್ಟರ ಕೆಲಸ. ಸರ್ಟಿಫಿಕೇಟ್ ಸಿಕ್ಕಿತು ಅಂತ ಸೂಜಿ ಹಿಡಿದು ಊರೂರು ತಿರುಗೋ ಹಾಗಿಲ್ಲ, 1984ರ ಪಶುವೈದ್ಯ ಪರಿಷತ್ ಕಾಯ್ದೆ ಇದೆ.

ಹೆಚ್ಚು ಉಪಯೋಗಕ್ಕೆ ಬಂದದ್ದು ಅರಿವಳಿಕೆ ಇಳಿಯುವ ಹೊತ್ತಿನ ಆರೈಕೆಯ ಪಾಠ. ನಮ್ಮಲ್ಲಿಗೆ ಮುಧೋಳ ನಾಯಿಗಳು ಜಾಸ್ತಿ ಬರುತ್ತವೆ. ಮೈಯಲ್ಲಿ ಕೊಬ್ಬೇ ಇಲ್ಲ, ಬರೀ ಎಲುಬು-ಸ್ನಾಯು, ಹಾಗಾಗಿ ಆಪರೇಷನ್ ಟೇಬಲ್ ಮೇಲೆ ಬೇಗ ತಣ್ಣಗಾಗುತ್ತವೆ. "ಅಕ್ಕಾರ, ಇಂಥಾ ಬಿಸಲಾಗ ನಾಯಿ ಯಾಕ ನಡಗಾಕತ್ತೇತ್ರಿ?" ಅಂತ ಮಾಲೀಕರು ಗಾಬರಿಯಾಗುತ್ತಾರೆ. ನಾಯಿಯ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಈಗ ಹದಿನೈದು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಇಟ್ಟು ಬರೆಯುತ್ತೇನೆ. ತುಟಿ ಎತ್ತಿ ಒಸಡು ಒತ್ತಿ ಬಿಡುತ್ತೇನೆ, ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು, ತಡವಾದರೆ ಡಾಕ್ಟರನ್ನು ಕೂಗುತ್ತೇನೆ. ವಿಡಿಯೋದಲ್ಲಿ ಬಿಸಿಗಾಳಿ ಊದುವ ಹೊದಿಕೆ ತೋರಿಸುತ್ತಾರೆ. ನಮಗೆಲ್ಲಿಂದ ಬರಬೇಕು? ಬೆಚ್ಚಗಿನ ನೀರಿನ ಬಾಟಲಿಗೆ ದಪ್ಪ ಟವೆಲ್ ಸುತ್ತಿ ಹೊಟ್ಟೆ ಪಕ್ಕ ಇಡುತ್ತೇನೆ. ಬರೀ ಬಾಟಲಿ ಇಡಬೇಡಿ, ಮಂಪರಿನಲ್ಲಿರೋ ನಾಯಿ ಸರಿದುಕೊಳ್ಳಲ್ಲ, ಚರ್ಮ ಸುಡುತ್ತದೆ.

ಇನ್ನೊಂದು ಬಿಸಿಲು ಹೊಡೆದ ನಾಯಿಗಳದ್ದು. ಮೊದಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ ಅನ್ನೋದು ಪಾಠದ ಸಾರ. ಮೇ ತಿಂಗಳಲ್ಲಿ ಫೋನ್ ಬಂದರೆ ಈಗ "ಲಗೂನ ಕರಕೊಂಡ ಬರ್ರಿ" ಅಂತ ಮೊದಲೇ ಹೇಳಲ್ಲ. ನೆರಳಿಗೆ ತನ್ನಿ, ಮೈಮೇಲೆಲ್ಲ ನೀರು ಸುರಿಯಿರಿ, ಫ್ಯಾನ್ ಹಾಕಿ, ಆಮೇಲೆ ಹೊರಡಿ ಅನ್ನುತ್ತೇನೆ. ಒದ್ದೆ ಟವೆಲ್ ಹೊದಿಸಿ ಬಿಡೋದು ಬೇಡ, ಒಳಗಿನ ಬಿಸಿ ಹೊರಗೆ ಹೋಗಲ್ಲ. ನಮ್ಮ ಕಡೆ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಕೈ ಇಡೋಕಾಗಲ್ಲ ಅಲ್ವಾ, ಅದಕ್ಕೆ ಮಣ್ಣಿನ ಹರವಿಯಲ್ಲಿಟ್ಟ ನೀರು ಹಾಕಿ ಅನ್ನೋದನ್ನು ನಾನೇ ಸೇರಿಸಿಕೊಂಡಿದ್ದೇನೆ.

ಶುರು ಮಾಡೋರಿಗೆ ಕೋರ್ಸೆರಾ ಅನ್ನೋ ಆನ್‌ಲೈನ್ ಕಲಿಕೆಯ ತಾಣದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರ ಪ್ರಾಣಿ ವರ್ತನೆ ಮತ್ತು ಕ್ಷೇಮದ ಕೋರ್ಸು ಇದೆ. ಅದು ಕೆಲವು ವಾರದ್ದು, ಆದರೆ ಬಿಡಿಬಿಡಿಯಾಗಿ ನೋಡಬಹುದು. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಸಬ್‌ಟೈಟಲ್ ಹಾಕಿ, ವೇಗ ಕಡಿಮೆ ಮಾಡಿ. ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಮಾಡಿ. ಹಲ್ಲು ಕ್ಲೀನಿಂಗ್ ಕೋರ್ಸು ಸುಮ್ನೆ ಬಿಟ್ಟಿದ್ದೇನೆ, ಆ ಮಷಿನ್ ನಮ್ಮ ಕ್ಲಿನಿಕ್‌ಗೆ ಇನ್ನೂ ಬಂದಿಲ್ಲ.